ಇಸಿಲದ ನೆರೆಯಲ್ಲಿ ನಮ್ಮ ಊರುಬಾಳು

ಸ್ಮರಣ ಸಂಚಿಕೆಯೆಂದರೆ ಸ್ಮರಿಸಬೇಕಾದವರನ್ನು ಸ್ಮರಿಸುವ ಹೊತ್ತಗೆ. ವಿದ್ಯಾಸಂಸ್ಥೆಯನ್ನು ಕಟ್ಟಿದ ಪೂಜ್ಯರು, ಭೂಮಿಯನ್ನಿತ್ತ ದಾತೃಗಳು, ಅಲ್ಪ ವೇತನದಲ್ಲಿ ಅನಲ್ಪ ಸೇವೆ ಸಲ್ಲಿಸಿದ ಅಧ್ಯಾಪಕರು, ಇಲ್ಲಿ ಕಲಿತು ನಾಲ್ಕು ದಿಕ್ಕಿಗೂ ಹಂಚಿಹೋದ ವಿದ್ಯಾರ್ಥಿಗಳು, ಇವರೆಲ್ಲರ ನೆನಪು ಇಂಥ ಪುಟಗಳಲ್ಲಿ ಸಂಗ್ರಹವಾಗುವುದು ಉಚಿತವೇ ಸರಿ. ಆದರೆ ಶಾಲೆಯೆಂಬುದು ಆಕಾಶದಲ್ಲಿ ನಿಲ್ಲುವುದಿಲ್ಲ. ಒಂದು ಸೀಮೆಯ ನೆಲದ ಮೇಲೆ ನಿಲ್ಲುತ್ತದೆ, ಆ ಸೀಮೆಯ ಅನ್ನವನ್ನುಂಡ ಮಕ್ಕಳಿಗೆ ಅಕ್ಷರವನ್ನು ಕಲಿಸುತ್ತದೆ. ಆ ಸೀಮೆಯನ್ನೇ ಸ್ಮರಿಸುವ ಲೇಖನಗಳು ಮಾತ್ರ ಇಂಥ ಸಂಚಿಕೆಗಳಲ್ಲಿ ವಿರಳ. ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ಊರುಗಳ ಮತ್ತು ಅವುಗಳ ಸುತ್ತಣ ನಾಡಿನ ಚರಿತ್ರೆ, ಜನಜೀವನಗಳನ್ನು ಕುರಿತು ನಾಲ್ಕು ಮಾತು ಬರೆಯುವುದು, ಆ ಬಾಳು ಮುಂದೆಯೂ ನಿಲ್ಲಬೇಕಾದರೆ ನಾವು ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ಒಡಹುಟ್ಟಿದವುಗಳಂತಿದ್ದರೂ ಅವುಗಳ ಮುಖಲಕ್ಷಣ ಬೇರೆ ಬೇರೆ. ಚಳ್ಳಕೆರೆಯದು ಬಯಲು: ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು, ಕೆಂಪು ನೆಲ, ಶೇಂಗಾದ ಹೊಲ. ಮೊಳಕಾಲ್ಮೂರಿನದು ಬೆಟ್ಟದ ತಪ್ಪಲು: ಗುಂಡುಕಲ್ಲುಗಳನ್ನು ಯಾರೋ ಒಂದರ ಮೇಲೊಂದು ಒಟ್ಟಿಟ್ಟಂತೆ ಕಾಣುವ ಗುಡ್ಡಗಳ ಸಾಲು, ನುಂಕೆಮಲೆ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ. ಎರಡಕ್ಕೂ ಸಮಾನವಾದದ್ದು ಮಳೆಯ ಬಡತನ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಪೂರ್ವಕ್ಕೆ ಆಂಧ್ರದ ರಾಯದುರ್ಗ ಸೀಮೆ ತಾಗಿಕೊಂಡಿರುವುದರಿಂದ ಇಲ್ಲಿಯ ಸಂತೆಯಲ್ಲಿ ಕನ್ನಡವೂ ತೆಲುಗೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಒಂದು ಭಾಷೆಯಲ್ಲಿ ಬೆಲೆ ಕೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುವುದು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಇಂಥ ಬರದ ಸೀಮೆಗೆ ಚರಿತ್ರೆಯೆಂಬುದೊಂದು ಉಂಟೆ ಎಂದು ಹೊರಗಿನವರು ಕೇಳುವುದುಂಟು. ಅವರಿಗೆ ಉತ್ತರವನ್ನು ಬ್ರಹ್ಮಗಿರಿಯ ಬಂಡೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದೆ.

ಮೌರ್ಯ ಚಕ್ರವರ್ತಿ ಅಶೋಕನ ಕಿರುಶಿಲಾಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿವೆ. ಮೂರೂ ಒಂದಕ್ಕೊಂದು ಸಮೀಪ. ಇವನ್ನು ೧೮೯೨ರಲ್ಲಿ ವಿದ್ವಲ್ಲೋಕಕ್ಕೆ ಪರಿಚಯಿಸಿದವರು ಬಿ.ಎಲ್. ರೈಸ್. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ ಇಸಿಲ ಎಂಬಲ್ಲಿದ್ದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಇದು. ಆಜ್ಞೆಯೆಂದೊಡನೆ ಗದರಿಕೆಯನ್ನು ನಿರೀಕ್ಷಿಸುವವರಿಗೆ ಇಲ್ಲಿ ಕಾಣುವುದು ಬೇರೆ. ಮೊದಲು ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಲಾಗಿದೆ; ಅನಂತರ ಚಕ್ರವರ್ತಿಯ ಮಾತು ಬರುತ್ತದೆ. ತಂದೆ ತಾಯಿಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ಆಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇದು ಪುರಾತನ ರೀತಿ, ದೀರ್ಘಾಯುಷ್ಯಕ್ಕೆ ದಾರಿ ಎಂಬುದು ಅದರ ತಾತ್ಪರ್ಯ. ಇನ್ನೊಂದು ಮಾತು ಅದಕ್ಕಿಂತ ದೊಡ್ಡದು. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಪ್ರಯತ್ನಿಸಿದರೆ ಚಿಕ್ಕವನಿಗೂ ಸಿದ್ಧಿಸುತ್ತದೆ ಎಂದು ಶಾಸನ ಸ್ಪಷ್ಟವಾಗಿ ಸಾರುತ್ತದೆ. ಪಾಠಶಾಲೆಯ ಬಾಗಿಲ ಮೇಲೆ ಬರೆಯಬೇಕಾದ ವಾಕ್ಯ ಬೇರೊಂದು ಬೇಕೆ?

ಇಸಿಲವೆಂಬ ಆ ನಗರ ಬ್ರಹ್ಮಗಿರಿಯ ತಪ್ಪಲಿನಲ್ಲಿತ್ತೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೈಸೂರಿನ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲು ಅಲ್ಲಿ ಉತ್ಖನನ ನಡೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಮತ್ತೆ ಅಗೆಸಿದಾಗ ನೆಲದ ಪದರಗಳು ಗ್ರಂಥದ ಪುಟಗಳಂತೆ ತೆರೆದುಕೊಂಡವು. ಕೆಳಗೆ ಕಲ್ಲುಕೊಡಲಿಯ ಕಾಲದ ಜನ. ಅದರ ಮೇಲೆ ಕಬ್ಬಿಣವನ್ನು ಬಲ್ಲ, ಸತ್ತವರಿಗೆ ದೊಡ್ಡ ಕಲ್ಲುಗಳ ಗೋರಿ ಕಟ್ಟಿದ ಬೃಹತ್ ಶಿಲಾಯುಗದವರು. ಅದರ ಮೇಲೆ ಶಾತವಾಹನರ ಕಾಲದ ಸಂಸ್ಕೃತಿ. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲದ ಅಳತೆಗೋಲನ್ನು ಒದಗಿಸಿದ ನೆಲೆಗಳಲ್ಲಿ ಬ್ರಹ್ಮಗಿರಿ ಪ್ರಮುಖವಾದುದೆಂಬುದು ಸರ್ವವಿದಿತ. ಆದರೆ ನಮ್ಮ ಪ್ರಶ್ನೆ ಕಾಲಗಣನೆಯದಲ್ಲ. ಚಕ್ರವರ್ತಿಯ ಅಧಿಕಾರಿಗಳಿದ್ದ, ಕುಶಲವನ್ನು ವಿಚಾರಿಸುವಷ್ಟು ಗಣ್ಯವಾಗಿದ್ದ ನಗರವೊಂದು ಇಂದು ಹೊಲವಾಗಿದೆ. ಇಸಿಲದ ಬೀದಿಗಳ ಹೆಸರು ಯಾರಿಗೂ ತಿಳಿಯದು. ಅದರ ಮಹಾಮಾತ್ರರ ಹೆಸರುಗಳೂ ಶಾಸನದಲ್ಲಿಲ್ಲ. ಉಳಿದಿರುವ ಹೆಸರು ಅದನ್ನು ಬರೆದ ಲಿಪಿಕಾರನದು: ಚಪಡ. ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಆತ ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಧಿಕಾರ ಅಳಿದು ಅಕ್ಷರ ಉಳಿದುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವಿಲ್ಲ.

ಅಕ್ಷರವಾದರೂ ಸುಮ್ಮನೆ ಉಳಿಯಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ 'ಅಕ್ಷರಗುಂಡು' ಎಂದು ಕರೆದರು. ಆ ಗುಂಡಿನ ಮೇಲೆ ಸುರಿದ ನೀರಿಗೆ ರೋಗವನ್ನು ಕಳೆಯುವ ಶಕ್ತಿಯಿದೆಯೆಂದು ನಂಬಿದ್ದರು. ಓದಲಾರದ ಬರಹವನ್ನು ಅವರು ಒಡೆದು ಕಟ್ಟಡಕ್ಕೆ ಬಳಸಲಿಲ್ಲ. ಪೂಜ್ಯವೆಂದು ಬಗೆದು ಬಿಟ್ಟರು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಬರಹಕ್ಕೆ ಆ ಭಾಗ್ಯವಿರಲಿಲ್ಲ. ಜಾತ್ರೆಯಲ್ಲಿ ಬಳೆಗಾರರು ಕುಳಿತು ವ್ಯಾಪಾರ ಮಾಡುವ ಜಾಗವಾಗಿ ಅದಕ್ಕೆ 'ಬಳೆಗಾರ ಗುಂಡು' ಎಂಬ ಹೆಸರು ಬಂತು. ಅಕ್ಷರಗಳು ಬಹಳ ಸವೆದುಹೋದವು. ಒಂದೇ ಸೀಮೆಯ ಎರಡು ಗುಂಡುಗಳ ಈ ಕಥೆಯಲ್ಲಿ ನಮಗೆ ಪಾಠವಿದೆ. ಓದು ಬಾರದಿದ್ದರೂ ಗೌರವವಿದ್ದ ಕಡೆ ವಸ್ತು ಉಳಿಯಿತು. ಈಗ ನಮಗೆ ಓದು ಬಂದಿದೆ. ಗೌರವವಿದೆಯೆ ಎಂಬುದು ವಿಚಾರಣೀಯ.

ಇಷ್ಟು ಪೀಠಿಕೆಯ ಬಳಿಕ ಮುಖ್ಯ ವಿಷಯಕ್ಕೆ ಬರುತ್ತೇನೆ. ಊರು ಎಂದರೇನು? ಮನೆಗಳ ಗುಂಪು ಊರಾಗುವುದಾದರೆ ಸಂತೆಯ ಡೇರೆಗಳೂ ಊರಾಗಬೇಕಾಗುತ್ತದೆ. ಯಾರೊಬ್ಬರ ಸೊತ್ತೂ ಆಗದೆ ಎಲ್ಲರ ಸೊತ್ತಾಗಿರುವ ಕೆಲವು ವಸ್ತುಗಳಿದ್ದು, ಅವನ್ನು ಕಾಯುವ ಹೊಣೆಯನ್ನು ಜನ ಹಂಚಿಕೊಂಡಾಗ ಮಾತ್ರ ಮನೆಗಳು ಊರಾಗುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ. ನಮ್ಮ ಸೀಮೆಯಲ್ಲಿ ಅಂಥವು ನಾಲ್ಕು: ಕೆರೆ, ಕಾವಲು, ಕಸುಬು, ಜಾತ್ರೆ. ಈ ನಾಲ್ಕು ಕಂಬಗಳ ಮೇಲೆ ನಿಂತ ಚಪ್ಪರ ನಮ್ಮ ಊರುಬಾಳು. ಒಂದೊಂದು ಕಂಬದ ಈಗಿನ ಸ್ಥಿತಿಯನ್ನು ನೋಡೋಣ.

ಮೊದಲನೆಯದು ಕೆರೆ. ಚಳ್ಳಕೆರೆಯ ಹೆಸರೇ ಕೆರೆಯಲ್ಲಿ ಮುಗಿಯುತ್ತದೆ. ಮಳೆ ಕಡಿಮೆಯಿರುವ ನಾಡಿನಲ್ಲಿ ಬಿದ್ದ ಹನಿಯನ್ನು ಹಿಡಿದಿಡುವ ಬುದ್ಧಿಯೇ ನಾಗರಿಕತೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಪವಾಡಗಳಿಗಾಗಿ ಮಾತ್ರವಲ್ಲ, ಕೆರೆಗಳಿಗಾಗಿ. ಊರವರನ್ನು ದುಡಿಮೆಗೆ ಹಚ್ಚಿ ಅವರು ಐದು ಕೆರೆಗಳನ್ನು ಕಟ್ಟಿಸಿದರೆಂದು ಜನರ ಎಣಿಕೆ. 'ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಈ ಸೀಮೆಯ ಗಾದೆಯಾಗಿದೆ. ದುಡಿದವನ ಕೂಲಿಯನ್ನು ದುಡಿಮೆಯೇ ಅಳೆಯಲಿ ಎಂಬ ಈ ಸೂತ್ರದಲ್ಲಿ ಕಾಯಕವೂ ನ್ಯಾಯವೂ ಒಂದಾಗಿವೆ. ಕೆರೆಯೆಂದರೆ ಬರಿಯ ನೀರಿನ ಗುಂಡಿಯಲ್ಲ. ಅದಕ್ಕೆ ಏರಿ ಬೇಕು, ತೂಬು ಬೇಕು, ಕೋಡಿ ಬೇಕು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಪಕ್ಷಪಾತವಿಲ್ಲದೆ ನಡೆಸುವ ನೀರುಗಂಟಿ ಬೇಕು. ಬೇಸಗೆಯಲ್ಲಿ ಹೂಳೆತ್ತಲು ಊರ ಜನ ಬರಬೇಕು. ಹೀಗೆ ಕೆರೆಯು ನೀರನ್ನು ಕೂಡಿಸುವುದಕ್ಕಿಂತ ಮೊದಲು ಜನರನ್ನು ಕೂಡಿಸುತ್ತದೆ.

ಕೊಳವೆಬಾವಿ ಬಂದ ಮೇಲೆ ಆ ಕೂಟ ಒಡೆಯಿತು. ತನ್ನ ಹೊಲದಲ್ಲಿ ತಾನೇ ಕೊರೆಸಿದವನಿಗೆ ನೀರುಗಂಟಿಯ ಹಂಗಿಲ್ಲ, ನೆರೆಯವನ ಹಂಗೂ ಇಲ್ಲ. ಹಂಗಿಲ್ಲದ ಈ ಸುಖ ಎಷ್ಟು ದಿನ? ಒಬ್ಬನು ಇನ್ನೂರು ಅಡಿ ಇಳಿದರೆ ನೆರೆಯವನು ನಾನೂರು ಅಡಿ ಇಳಿಯಬೇಕು. ಕೊನೆಗೆ ಇಬ್ಬರ ಕೊಳವೆಯಲ್ಲೂ ಬರುವುದು ಗಾಳಿ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ ೧೯೦೭ರಲ್ಲಿ ಪೂರ್ಣವಾಯಿತು. ಅದು ೧೯೩೩ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವೆ ಸಂದದ್ದು ಎಂಬತ್ತೊಂಬತ್ತು ವರ್ಷ. ಭದ್ರಾ ಮೇಲ್ದಂಡೆ ಯೋಜನೆಗೆ ೨೦೨೩ರ ಕೇಂದ್ರ ಮುಂಗಡಪತ್ರದಲ್ಲಿ ೫,೩೦೦ ಕೋಟಿ ರೂಪಾಯಿಗಳ ನೆರವು ಘೋಷಿತವಾಯಿತು. ದೂರದ ನದಿಯ ನೀರು ಬರುವುದಾದರೆ ಕೈಮುಗಿದು ಸ್ವಾಗತಿಸೋಣ. ಆದರೆ ಬಂದ ನೀರು ನಿಲ್ಲಬೇಕಾದುದು ನಮ್ಮ ಕೆರೆಯಲ್ಲಿಯೇ. ಏರಿ ಒಡೆದು, ಕಾಲುವೆ ಒತ್ತುವರಿಯಾಗಿ, ಒಡಲಲ್ಲಿ ಜಾಲಿ ಬೆಳೆದ ಕೆರೆಗೆ ಗಂಗೆಯೇ ಬಂದರೂ ಏನು ಪ್ರಯೋಜನ?

ಎರಡನೆಯದು ಕಾವಲು. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬರೆಯುವುದು ಕಚೇರಿಯ ಕಡತಗಳ ಹಳೆಯ ರೂಢಿ. ಅದರಲ್ಲಿ ಬದುಕುವವರಿಗೆ ಅದು ಅಕ್ಷಯಪಾತ್ರೆ. ಚಳ್ಳಕೆರೆ ಸೀಮೆಯ ಕಾವಲುಗಳು ಅಮೃತ ಮಹಲ್ ಎಂಬ ಪ್ರಸಿದ್ಧ ಗೋತಳಿಗೆ ಮೀಸಲಾಗಿದ್ದ ಭೂಮಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂದು ಹೆಸರಿಟ್ಟನು. ದಂಡಿನ ಸಾಮಾನು ಸಾಗಿಸುವಲ್ಲಿ ಈ ಎತ್ತುಗಳಿಗೆ ಸಮನಾದವು ಇರಲಿಲ್ಲ. ರಾಜರ ದನಗಳ ಜೊತೆಗೆ ಸುತ್ತಲಿನ ಹಳ್ಳಿಗಳ ದನಕುರಿಗಳೂ ಇದೇ ಹುಲ್ಲಿನಲ್ಲಿ ಮೇದು ಬೆಳೆದವು. ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು ಈ ಕಾವಲುಗಳನ್ನು ನಂಬಿದವರು. ಮ್ಯಾಸಬೇಡರಲ್ಲಿ 'ದೇವರ ಎತ್ತು'ಗಳ ಮಂದೆಯುಂಟು. ಆ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿ ಮಳೆ ಬಿಸಿಲೆನ್ನದೆ ಮಂದೆಯ ಹಿಂದೆ ಅಲೆಯುತ್ತಾನೆ. ಊರು ಅವನ ಹೊಟ್ಟೆಯನ್ನು ನೋಡಿಕೊಳ್ಳುತ್ತದೆ. ಲಾಭವನ್ನೆಣಿಸದೆ ಒಂದು ಜೀವಸಂಕುಲವನ್ನು ಸಮುದಾಯವೇ ಸಾಕುವ ಇಂಥ ಏರ್ಪಾಡು ಲೋಕದಲ್ಲಿ ಎಷ್ಟು ಕಡೆ ಇದೆ?

ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಸಾವಿರಾರು ಎಕರೆ ಭೂಮಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಪರಮಾಣು ಸಂಸ್ಥೆಗಳಿಗೆ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತದ್ದೇ ೧,೫೦೦ ಎಕರೆ. ಇದನ್ನು ಪ್ರಶ್ನಿಸಿ ಹಳ್ಳಿಗರೂ ಪರಿಸರದ ಕಾಳಜಿಯುಳ್ಳವರೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ೨೦೧೭ರಲ್ಲಿ ವಿಮಾನ ಪರೀಕ್ಷಾ ಕೇಂದ್ರದ ಉದ್ಘಾಟನೆಯಾಯಿತು. ೨೦೨೩ರ ಏಪ್ರಿಲ್ ೨ರಂದು ನಮ್ಮ ದೇಶದ ಮರುಬಳಕೆಯ ವ್ಯೋಮವಾಹನದ ಮಾದರಿ, ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ಬಂದು ಇಳಿದದ್ದು ಇದೇ ಚಳ್ಳಕೆರೆಯ ನೆಲದ ಮೇಲೆ. ಎತ್ತಿನ ಗೊರಸು ಮೂಡಿದ ಮಣ್ಣಿನಲ್ಲಿ ವ್ಯೋಮವಾಹನದ ಗಾಲಿ ಉರುಳಿದುದು ಸಾಮಾನ್ಯ ಸಂಗತಿಯಲ್ಲ. ಅದಕ್ಕಾಗಿ ಹೆಮ್ಮೆಪಡದವನು ಈ ನಾಡಿನವನಲ್ಲ.

ಆದರೂ ಹೇಳಬೇಕಾದ ಮಾತೊಂದಿದೆ. ಹೆಮ್ಮೆ ದೇಶದ್ದು, ನಷ್ಟ ಕುರಿಗಾರನದು ಎಂದಾಗಬಾರದು. ನೂರಾರು ವರ್ಷ ಊರುಗಳು ಕೂಡಿ ಮೇಯಿಸಿದ ಭೂಮಿಯನ್ನು ಪಡೆಯುವಾಗ ಆ ಊರುಗಳ ಗ್ರಾಮಸಭೆಯಲ್ಲಿ ಕುಳಿತು ಮಾತನಾಡುವುದು ಕೃಪೆಯಲ್ಲ, ಕರ್ತವ್ಯ. ಎರಡು ಸಾವಿರ ವರ್ಷಗಳ ಹಿಂದೆ ಪಾಟಲಿಪುತ್ರದ ಚಕ್ರವರ್ತಿಯ ಅಧಿಕಾರಿಗಳು ಇಸಿಲದವರ ಕುಶಲವನ್ನು ಕೇಳಿ ಅನಂತರ ಆಜ್ಞೆ ಹೇಳಿದರು; ಪ್ರಜಾಪ್ರಭುತ್ವವು ಅದಕ್ಕಿಂತ ಹೆಚ್ಚಿನ ವಿನಯವನ್ನು ತೋರಬೇಕಷ್ಟೆ? ಗೋಡೆಯ ಹೊರಗೆ ಉಳಿದಿರುವ ಹುಲ್ಲುಗಾವಲನ್ನಾದರೂ ಇನ್ನು ಕಡಿಯದೆ ಉಳಿಸಬೇಕು. ಗೋಡೆಯ ಒಳಗಿನ ವಿದ್ಯೆಯಲ್ಲಿ ಗೋಡೆಯ ಹೊರಗಿನ ಮಕ್ಕಳಿಗೂ ಪಾಲಿರಬೇಕು. ಕಾವಲನ್ನು ಬಿಟ್ಟುಕೊಟ್ಟ ಹಳ್ಳಿಯ ಹುಡುಗನು ಆ ಸಂಸ್ಥೆಯ ಬಾಗಿಲನ್ನು ಕಾಯುವುದರಲ್ಲಿ ತೃಪ್ತನಾಗದೆ ಪ್ರಯೋಗಶಾಲೆಯೊಳಗೆ ಕುಳಿತುಕೊಳ್ಳುವ ದಿನ ಬಂದಾಗ ಆ ಋಣ ತೀರಿತೆನ್ನಬಹುದು. ಆ ಹುಡುಗನನ್ನು ಸಿದ್ಧಪಡಿಸುವವರು ಯಾರು? ನಮ್ಮಂಥ ಶಾಲೆಗಳೇ.

ಮೂರನೆಯದು ಕಸುಬು. ಕಾವಲಿನ ಹುಲ್ಲು ಕುರಿಯ ಉಣ್ಣೆಯಾಗಿ, ಉಣ್ಣೆ ನೂಲಾಗಿ, ಹುಣಸೆಬೀಜದ ಸರಿಯನ್ನು ಹೀರಿ ಗಟ್ಟಿಯಾಗಿ, ಕುಣಿಮಗ್ಗದಲ್ಲಿ ಕಂಬಳಿಯಾಗುತ್ತದೆ. ಚಳ್ಳಕೆರೆಯ ಕಂಬಳಿ ಚಳಿಗೂ ಮಳೆಗೂ ಹಾಸಿಗೆಗೂ ಪೂಜೆಯ ಗದ್ದುಗೆಗೂ ಒದಗುವ ವಸ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಖ್ಯಾತಿಯಂತೂ ನಾಡಿನ ಎಲ್ಲೆಯನ್ನು ದಾಟಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೆಟ್ಟದ ಬುಡದ ಆ ಚಿಕ್ಕ ಪಟ್ಟಣದ ಕೇರಿಗಳಲ್ಲಿ ಲಾಳಿಯ ಸದ್ದೇ ಗಡಿಯಾರ. ಒಬ್ಬಳು ನೂಲನ್ನು ಸುತ್ತುತ್ತಾಳೆ, ಒಬ್ಬನು ಬಣ್ಣ ಕಟ್ಟುತ್ತಾನೆ, ಇಬ್ಬರು ಹಾಸು ಹೂಡುತ್ತಾರೆ, ಒಬ್ಬನು ನೇಯುತ್ತಾನೆ. ಸೀರೆಯ ಬೆಲೆಚೀಟಿಯ ಮೇಲೆ ಅಂಗಡಿಯ ಹೆಸರಿರುತ್ತದೆಯೇ ಹೊರತು ಇವರಲ್ಲಿ ಒಬ್ಬರ ಹೆಸರೂ ಇರುವುದಿಲ್ಲ. ಚಪಡನು ಬಂಡೆಯ ಮೇಲೆ ತನ್ನ ಹೆಸರನ್ನು ಬರೆದನು. ನಮ್ಮ ನೇಕಾರನಿಗೆ ಸೆರಗಿನ ಮೂಲೆಯಲ್ಲಿ ಆ ಅವಕಾಶವೂ ಇಲ್ಲ. ಯಂತ್ರದ ಮಗ್ಗದಲ್ಲಿ ಇವನ ವಿನ್ಯಾಸವನ್ನೇ ನಕಲು ಮಾಡಿ ಅಗ್ಗಕ್ಕೆ ಮಾರುವವರಿರುವಾಗ, ಮಾನ್ಯತೆಯ ಪತ್ರವನ್ನು ಗೋಡೆಗೆ ತೂಗುಹಾಕಿದರೆ ಹೊಟ್ಟೆ ತುಂಬದು. ಕೊಳ್ಳುವವನು ಅಸಲು ನಕಲುಗಳನ್ನು ಗುರುತಿಸುವಂತಾಗಬೇಕು.

ಚಳ್ಳಕೆರೆಯನ್ನು ಎಣ್ಣೆಯ ನಗರವೆಂದೂ ಎರಡನೆಯ ಮುಂಬಯಿಯೆಂದೂ ಕರೆಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಸುತ್ತಲಿನ ಶೇಂಗಾವೆಲ್ಲ ಇಲ್ಲಿಯ ಗಿರಣಿಗಳಿಗೆ ಬಂದು ಎಣ್ಣೆಯಾಗಿ ಹೊರಗೆ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಖಾದ್ಯತೈಲದ ಆಮದು ಸಡಿಲವಾಗಿ, ಹೊರದೇಶದ ತಾಳೆಎಣ್ಣೆ ಅಗ್ಗಕ್ಕೆ ಬಂದಿತು. ಇತ್ತ ಮಳೆ ಕೈಕೊಟ್ಟು ಶೇಂಗಾದ ಇಳುವರಿ ತಗ್ಗಿತು. ಎಷ್ಟೋ ಗಿರಣಿಗಳ ಕದ ಮುಚ್ಚಿದವು. ದೂರದ ದೇಶದ ತೋಟವೊಂದರ ಸುಗ್ಗಿಗೂ ಚಳ್ಳಕೆರೆಯ ಹಮಾಲಿಯ ಒಲೆಗೂ ಸಂಬಂಧವಿದೆಯೆಂಬುದನ್ನು ಅರ್ಥಶಾಸ್ತ್ರದ ಗ್ರಂಥಗಳಿಗಿಂತ ಚೆನ್ನಾಗಿ ಈ ಊರು ಅನುಭವಿಸಿ ತಿಳಿಯಿತು. ಒಂದೇ ಬೆಳೆಯನ್ನು, ಒಂದೇ ವ್ಯಾಪಾರವನ್ನು ನೆಚ್ಚಿದ ಊರು ಒಂಟಿ ಕಾಲಿನ ಮೇಲೆ ನಿಂತಂತೆ. ಸಿರಿಧಾನ್ಯವೆಂದು ಇಂದು ಪಟ್ಟಣಿಗರು ಹುಡುಕಿಕೊಂಡು ಬರುವ ನವಣೆ, ಸಾಮೆಗಳು ನಮ್ಮ ಒಣಭೂಮಿಯ ಹಳೆಯ ನೆಂಟರು. ಅವನ್ನು ಮರೆತದ್ದು ನಾವೇ.

ನಾಲ್ಕನೆಯದು ಜಾತ್ರೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ರಥ ಹರಿಯುವಾಗ ಸೇರುವ ಜನಸಾಗರವನ್ನು ಬಣ್ಣಿಸುವ ಅಗತ್ಯವಿಲ್ಲ. ಒಳಮಠ, ಹೊರಮಠಗಳ ನಡುವಿನ ಹಾದಿಯನ್ನು ಈ ಸಂಚಿಕೆಯ ಓದುಗರಲ್ಲಿ ತುಳಿಯದವರು ಕಡಿಮೆ. ಗೌರಸಮುದ್ರದ ಮಾರಮ್ಮ, ನುಂಕೆಮಲೆಯ ಭೈರವೇಶ್ವರ, ಮುಳ್ಳಿನ ಗುಡಿಯನ್ನು ಬರಿಗಾಲಿನಲ್ಲಿ ಏರುವ ಕಾಡುಗೊಲ್ಲರ ಕ್ಯಾತಪ್ಪನ ಪರಿಷೆ, ಇವೆಲ್ಲ ಭಕ್ತಿಯ ನೆಲೆಗಳಾಗಿರುವಂತೆ ವ್ಯವಸ್ಥೆಯ ನೆಲೆಗಳೂ ಹೌದು. ಯಾರು ಮಿಣಿ ತರಬೇಕು, ಯಾರು ಗಾಲಿಗೆ ಗೊದಮೊಟ್ಟೆ ಕೊಡಬೇಕು, ಯಾರು ಪಂಜು ಹಿಡಿಯಬೇಕು, ಯಾವ ಊರಿನಿಂದ ಏನು ಬರಬೇಕೆಂಬುದು ಬಾಯಿಂದ ಬಾಯಿಗೆ ಬಂದ ಸಂವಿಧಾನ. ವರ್ಷವೆಲ್ಲ ಮಾತು ಬಿಟ್ಟವರೂ ಹಗ್ಗ ಹಿಡಿಯುವಾಗ ಹೆಗಲಿಗೆ ಹೆಗಲು ತಾಗಿಸಲೇಬೇಕು.

ಹಳೆಯದೆಲ್ಲ ಹೊನ್ನೆಂದು ಸಾಧಿಸುವ ಹಟ ಈ ಲೇಖಕನಿಗಿಲ್ಲ. ಮುಟ್ಟಾದವಳನ್ನೂ ಹಸುಗೂಸಿನ ತಾಯಿಯನ್ನೂ ಹಟ್ಟಿಯ ಹೊರಗಿನ ಗುಡಿಸಲಿಗೆ ಕಳುಹಿಸುವ ಪದ್ಧತಿ ನಮ್ಮ ಸೀಮೆಯ ಗೊಲ್ಲರ ಹಟ್ಟಿಗಳಲ್ಲಿ ಬಹುಕಾಲದಿಂದ ಬಂದಿದೆ. ಹಗ್ಗವನ್ನು ಎಲ್ಲರೂ ಎಳೆದರೂ ಗುಡಿಯ ಹೊಸ್ತಿಲಲ್ಲಿ ಕೆಲವರನ್ನು ತಡೆದ ಚರಿತ್ರೆಯೂ ನಮ್ಮದೇ. ಪ್ರಾಣಿದಯೆಯನ್ನು ಬೋಧಿಸಿದ ಬಂಡೆಯ ನೆರೆಯಲ್ಲಿದ್ದು ಬಾಣಂತಿಯನ್ನು ಮಳೆಗಾಳಿಗೆ ಒಡ್ಡುವುದು ಸಂಪ್ರದಾಯವೆನಿಸದು, ನಿರ್ದಯೆಯೆನಿಸುತ್ತದೆ. ಊರಿನ ಸೊತ್ತು ಎಲ್ಲರದೆನ್ನುವ ಮಾತು ಆ ತಾಯಿಯ ಗುಡಿಸಲನ್ನು ಮುಟ್ಟುವವರೆಗೆ ಅಪೂರ್ಣ. ಅಲ್ಲಿಯೂ ಮೊದಲ ಹೆಜ್ಜೆ ಇಡಬೇಕಾದವಳು ಶಾಲೆ ಕಲಿತ ಮಗಳೇ. ಅವಳ ಬೆನ್ನಿಗೆ ನಿಲ್ಲಬೇಕಾದವರು ಅವಳ ಗುರುಗಳು.

ಅದೇ ಹಟ್ಟಿಗಳೇ ನಮಗೆ ಸಿರಿಯಜ್ಜಿಯನ್ನೂ ಕೊಟ್ಟವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಆ ತಾಯಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರು ಅವರು ಬಂದು ಕುಳಿತು ಕೇಳಿ ಬರೆದುಕೊಳ್ಳದಿದ್ದರೆ ಆ ಭಂಡಾರ ಅವರೊಡನೆಯೇ ಮಣ್ಣು ಸೇರುತ್ತಿತ್ತು. ಇದೇ ತಾಲ್ಲೂಕಿನ ತಳುಕು ಗ್ರಾಮದ ಮನೆತನದಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾದರು. ಕುವೆಂಪು ತಮ್ಮ 'ಶ್ರೀ ರಾಮ��ಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಅದೇ ಮನೆತನದ ತ.ರಾ. ಸುಬ್ಬರಾಯರು ದುರ್ಗದ ಚರಿತ್ರೆಯನ್ನು ಕಾದಂಬರಿಗಳಲ್ಲಿ ಬದುಕಿಸಿದರು. ಒಂದು ಕಡೆ ಓದದ ತಾಯಿಯ ನೆನಪು, ಇನ್ನೊಂದು ಕಡೆ ಓದಿದವರ ಲೇಖನಿ. ಎರಡೂ ಒಂದೇ ಬರದ ನೆಲದಲ್ಲಿ ಚಿಗುರಿದವು. ನೀರು ಕಡಿಮೆಯಾದ ನಾಡಿನಲ್ಲಿ ನುಡಿ ಕಡಿಮೆಯಾಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ಅಧ್ಯಾಪಕ ಮಿತ್ರರಲ್ಲಿ ಮೊದಲ ಬಿನ್ನಹ. ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಊರಿನ ಹೊತ್ತಗೆಯೊಂದನ್ನು ಇಟ್ಟುಕೊಳ್ಳಲಿ. ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಕೆರೆಯ ತೂಬು ಎಲ್ಲಿದೆ, ಕೊನೆಯ ನೀರುಗಂಟಿ ಯಾವ ಕ್ರಮದಲ್ಲಿ ನೀರು ಬಿಡುತ್ತಿದ್ದರು, ಮಗ್ಗದ ಒಂದೊಂದು ಭಾಗಕ್ಕೆ ಏನೆನ್ನುತ್ತಾರೆ, ಕಿಲಾರಿ ತನ್ನ ಎತ್ತುಗಳನ್ನು ಯಾವ ಹೆಸರಿನಿಂದ ಕರೆಯುತ್ತಾನೆ, ಅಜ್ಜಿ ಬೀಸುವಾಗ ಯಾವ ಪದ ಹಾಡುತ್ತಿದ್ದಳು ಎಂಬುದನ್ನು ಕೇಳಿ ಬರೆದು ತರಲಿ. ವರ್ಷಕ್ಕೊಮ್ಮೆ ಅವರನ್ನು ಬ್ರಹ್ಮಗಿರಿಗೆ ಕರೆದೊಯ್ದು ಅಕ್ಷರಗುಂಡಿನ ಮುಂದೆ ನಿಲ್ಲಿಸಿ ಶಾಸನದ ತಾತ್ಪರ್ಯವನ್ನು ಕನ್ನಡದಲ್ಲಿ ಓದಿ ಹೇಳಿರಿ. ಪರೀಕ್ಷೆಯ ಅಂಕಕ್ಕೆ ಇದರಿಂದೇನೆಂದು ಪಾಲಕರು ಕೇಳಿಯಾರು. ಕೇಳಿದುದನ್ನು ತಪ್ಪಿಲ್ಲದೆ ಬರೆಯಬಲ್ಲ, ಕಂಡುದನ್ನು ಕ್ರಮವಾಗಿ ಹೇಳಬಲ್ಲ ಹುಡುಗನಿಗೆ ಅಂಕಗಳು ತಾವಾಗಿಯೇ ಬರುತ್ತವೆ ಎಂದು ಅವರಿಗೆ ಧೈರ್ಯವಾಗಿ ಉತ್ತರಿಸಿರಿ.

ಹಳೆಯ ವಿದ್ಯಾರ್ಥಿಗಳಲ್ಲಿ ಎರಡನೆಯ ಬಿನ್ನಹ. ನೀವು ಬೆಂಗಳೂರಿನಲ್ಲಿ, ಅದರಾಚೆಯ ದೇಶಗಳಲ್ಲಿ ನೆಲೆಸಿ ಕೀರ್ತಿ ಪಡೆದಿದ್ದೀರಿ, ನಮಗೆ ಸಂತೋಷ. ಮನೆಯ ಮದುವೆಗೆ ಸೀರೆ ಕೊಳ್ಳುವಾಗ ಮೊಳಕಾಲ್ಮೂರಿನ ಮಗ್ಗದವನ ಮನೆಗೆ ಹೋಗಿ ಅವನ ಹೆಸರು ಕೇಳಿ ಕೊಳ್ಳಿರಿ. ಊರಿನ ಕೆರೆಯ ಒತ್ತುವರಿಯ ಪ್ರಶ್ನೆ ಬಂದಾಗ, ಕಾವಲಿನ ಇನ್ನೊಂದು ತುಂಡು ಕೈತಪ್ಪುವಾಗ, ಕಾನೂನು ಬಲ್ಲವರಾದ ನೀವು ಊರವರ ಪರವಾಗಿ ಒಂದು ಅರ್ಜಿ ಬರೆದುಕೊಡಿರಿ. ಜಾತ್ರೆಗೆ ಬಂದು ಕಾಯಿ ಒಡೆಸಿ ಹೋಗುವುದರಿಂದ ಊರಿನ ಸಂಬಂಧ ಉಳಿಯದು.

ದಾನಿಗಳಲ್ಲಿ ಹೇಳುವ ಮಾತು ಕೊಂಚ ಬಿರುಸೆನಿಸಿದರೆ ಮನ್ನಿಸಬೇಕು. ನಿಮ್ಮ ಔದಾರ್ಯದಿಂದ ಕೊಠಡಿಗಳೆದ್ದಿವೆ, ಸಭಾಂಗಣಗಳೆದ್ದಿವೆ, ಸ್ವಾಗತ ಕಮಾನುಗಳೆದ್ದಿವೆ. ಒಂದೊಂದರ ಮೇಲೂ ಒಂದೊಂದು ಹೆಸರಿನ ಕಲ್ಲಿದೆ. ಕೊಠಡಿ ಬೇಕು, ಕಮಾನಿನಡಿಯಲ್ಲಿ ಯಾರೂ ಪಾಠ ಕೇಳುವುದಿಲ್ಲ. ಒಂದು ಕಮಾನಿನ ವೆಚ್ಚದಲ್ಲಿ ಒಂದು ಕೆರೆಯ ಹೂಳನ್ನಷ್ಟಾದರೂ ಎತ್ತಿಸಬಹುದು, ನೇಕಾರರ ಮಕ್ಕಳು ಕೆಲವರನ್ನು ಪದವಿಯವರೆಗೆ ಓದಿಸಬಹುದು, ಸಿರಿಯಜ್ಜಿಯಂಥ ಇನ್ನೊಬ್ಬ ತಾಯಿಯ ಹಾಡುಗಳನ್ನು ದಾಖಲಿಸಿ ಅಚ್ಚು ಹಾಕಿಸಬಹುದು. ತಿಪ್ಪೇರುದ್ರಸ್ವಾಮಿಗಳು ಕೆರೆಯ ಏರಿಗೆ ತಮ್ಮ ಹೆಸರಿನ ಕಲ್ಲು ನೆಡಿಸಿದ ಕಥೆಯನ್ನು ಯಾರೂ ಹೇಳುವುದಿಲ್ಲ. ಹೆಸರು ನೀರಿನಲ್ಲಿ ಬರೆದರೂ ಉಳಿಯುತ್ತದೆ, ಆ ನೀರು ಹತ್ತು ಜನರ ಹೊಲಕ್ಕೆ ಹರಿದರೆ.

ಬೆಟ್ಟದ ಬುಡದಲ್ಲಿ ಒಂದು ನಗರ ಹುಟ್ಟುವುದು ದೊಡ್ಡದಲ್ಲ, ಇಸಿಲವೂ ಹುಟ್ಟಿತ್ತು. ಅದು ಊರಾಗಿ ಉಳಿಯುವುದು ದೊಡ್ಡದು. ಚಳ್ಳಕೆರೆಯ ಸುತ್ತ ಬಡಾವಣೆಗಳು ಬೆಳೆಯುತ್ತಿವೆ, ಮೊಳಕಾಲ್ಮೂರಿನ ಗುಡ್ಡದ ಬುಡಕ್ಕೂ ಮನೆಗಳು ಏರುತ್ತಿವೆ. ಆ ಹೊಸ ಮನೆಗಳಲ್ಲಿ ಹುಟ್ಟುವ ಮಕ್ಕಳಿಗೆ ತಮ್ಮದೆನ್ನುವ ಕೆರೆಯೊಂದು, ಕಾವಲೊಂದು, ಕಸುಬೊಂದು, ಎಲ್ಲರೂ ಹಿಡಿಯುವ ಹಗ್ಗವೊಂದು ಇದ್ದರೆ ಅವು ಊರಿನ ಮನೆಗಳಾದಾವು. ಚಿಕ್ಕವನೂ ಪ್ರಯತ್ನದಿಂದ ಪಡೆಯಬಲ್ಲನೆಂದು ಬಂಡೆ ಹೇಳುತ್ತಿದೆ. ಅಂಥ ಪ್ರಯತ್ನಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಗುರುಕೃಪೆ ನಮ್ಮ ಮಕ್ಕಳಿಗೆ ಕರುಣಿಸಲಿ. ಅವರಿಗೆ ದಾರಿ ತೋರುವ ಮನಸ್ಸನ್ನು ಹಿರಿಯರಾದ ನಮಗೆಲ್ಲ ಕೊಡಲಿ ಎಂದು ಹಾರೈಸಿ ವಿರಮಿಸುತ್ತೇನೆ.